ಮೇಲೇ ಇರಬೇಕಾದ ಡ್ರೋನ್, ಕೆಳಗಿದ್ದ ನಾವು

ದಿನವಿಡೀ ಆಕಾಶದಲ್ಲೇ ಇರಬೇಕಾದ ಡ್ರೋನ್ ಕಟ್ಟುವ ಕೆಲಸದಲ್ಲಿ ಒಂದು ಅಪಾಯವಿದೆ. ಅದು ಮೇಲೆ ಹೋದಮೇಲೆ ಕೆಳಗಿರುವ ಮೇಲಧಿಕಾರಿಗಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಕೆಲಸವಿಲ್ಲದ ಮೇಲಧಿಕಾರಿ ಸುಮ್ಮನೆ ಕೂತಿದ್ದನ್ನು ದೋಹಾದಲ್ಲಿ ಇಷ್ಟು ವರ್ಷ ಇದ್ದೂ ನಾನು ನೋಡಿಲ್ಲ. ಹಾಗಾಗಿ ನಮ್ಮಲ್ಲಿ ಮುಂದೆ ಹೇಳುವಂಥದ್ದು ನಡೆಯುತ್ತಲೇ ಇರುತ್ತದೆ.

ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಶೆಡ್ಡು. ಆಚೆ ಒಂದು ಗ್ಯಾರೇಜು, ಈಚೆ ಒಂದು ಗ್ಯಾರೇಜು. ನಾವು ಕಟ್ಟುತ್ತಿದ್ದದ್ದು ಉದ್ದ ರೆಕ್ಕೆಯ, ಬಿಸಿಲಿನಿಂದ ಚಾರ್ಜ್ ಆಗುವ ಡ್ರೋನ್. ಯುದ್ಧಕ್ಕಲ್ಲ, ಮರಳುಗಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವುದಕ್ಕೆ. ಅದರ ಕ್ಯಾಮರಾ ನೋಡಿಕೊಳ್ಳುವವಳು ನಾನು. ಜನರಲ್ ಮ್ಯಾನೇಜರು ಮಂಗಳೂರಿನವರು. ಆದಷ್ಟೂ ಕನ್ನಡದವರನ್ನೇ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಭಾಷಾಭಿಮಾನ ಎಂದು ಮೊದಲು ತಿಳಿದಿದ್ದೆ. ಬೈಯುವುದಕ್ಕೆ ಅನುಕೂಲ ಎಂದು ಆಮೇಲೆ ಗೊತ್ತಾಯಿತು.

ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಚಳಿಗಾಲ ಮುಗಿಯುವುದರೊಳಗೆ ಗಿರಾಕಿಯ ಎದುರು ಡ್ರೋನ್ ಒಂದು ಬೆಳಗಿನಿಂದ ಮರುದಿನ ಬೆಳಗಿನವರೆಗೆ ಇಳಿಯದೆ ಹಾರಬೇಕು, ಕಳೆದುಹೋದ ಒಬ್ಬ ಮನುಷ್ಯನನ್ನು ಹುಡುಕಿ ತೋರಿಸಬೇಕು. ಇಲ್ಲವಾದರೆ ಖಲಾಸ್, ಎಲ್ಲರೂ ಊರಿಗೆ. ನನ್ನ ಗಂಡನಿಗೆ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದ ಗುತ್ತಿಗೆ ಕೆಲಸ ಆಗಷ್ಟೇ ಮುಗಿದಿತ್ತು. ಮಗಳು ಹತ್ತನೇ ತರಗತಿಯ ನಡುವೆ ಇದ್ದಳು. ಮದೀನತ್ ಖಲೀಫಾದ ನಮ್ಮ ಮನೆ ನಿಂತಿದ್ದದ್ದೇ ಆ ಡ್ರೋನಿನ ಮೇಲೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

೧. ಒಂದು ಫೋಟೋಕ್ಕೆ

ಬೆಳಿಗ್ಗೆ ಹಾರಿಸುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಯಾರಾದರೊಬ್ಬರು ದೊಡ್ಡವರು ಬರುತ್ತಿದ್ದರು. ಕೂಡಲೇ ಜನರಲ್ ಮ್ಯಾನೇಜರ ಫೋನು.

"ಮೇಡಂ, ಒಮ್ಮೆ ಕೆಳಗೆ ತನ್ನಿ."

"ಸರ್, ಅದು ಇಳೀಬಾರ್ದು. ನಮ್ಮ ಟೆಸ್ಟೇ ಅದಲ್ವಾ?"

"ಗೊತ್ತುಂಟು ಮಾರಾಯ್ರೆ. ಆದ್ರೆ ಅದು ಮೇಲಿದ್ರೆ ಫೋಟೋದಲ್ಲಿ ಎಂತ ಬರ್ತದೆ? ಬರೀ ಆಕಾಶ. ಆಕಾಶದ ಒಟ್ಟಿಗೆ ಫೋಟೋ ತೆಗೆಸ್ಲಿಕ್ಕೆ ಅವರು ಇಷ್ಟು ದೂರ ಬರ್ಬೇಕಾ?"

ಇಳಿಸುತ್ತಿದ್ದೆವು. ಬ್ಯಾಂಕಿನವರು ಬಂದರು, ಮಾಲೀಕರ ಭಾವ ಬಂದರು, ಭಾವನ ಸ್ನೇಹಿತರು ಬಂದರು. ಒಂದು ಶುಕ್ರವಾರ ನಮ್ಮ ಕಡೆಯ ಸಂಘವೊಂದರ ಪದಾಧಿಕಾರಿಗಳು ಬಂದರು. ನಮ್ಮವರ ಕೈಯಲ್ಲಿ ಶಾಲು ಇದ್ದಮೇಲೆ ಯಾರಿಗಾದರೂ ಹೊದಿಸದೆ ಇರಲಾಗುವುದಿಲ್ಲವಲ್ಲ. ಡ್ರೋನಿನ ಮೂತಿಗೆ ಹಾರ ಹಾಕಿ, ರೆಕ್ಕೆಗೆ ಶಾಲು ಹೊದಿಸಿ, ಪಕ್ಕದಲ್ಲಿ ಸಾಲಾಗಿ ನಿಂತರು. ಅದಕ್ಕೆ ಎರಡು ಮಾತಾಡಲು ಯಾರೂ ಹೇಳದೆ ಬಿಟ್ಟದ್ದೇ ದೊಡ್ಡದು.

ತಿಂಗಳ ಕೊನೆಗೆ ಮಾಲೀಕರು ಪ್ರಗತಿ ಏನಾಯಿತು ಎಂದು ಕೇಳಿದರು. ಜನರಲ್ ಮ್ಯಾನೇಜರು ಒಂದಿಷ್ಟೂ ಅಳುಕದೆ ಹೇಳಿದರು: "ಸರ್, ಇಳಿಯೋದ್ರಲ್ಲಿ ನಮ್ಮ ಡ್ರೋನನ್ನು ಮೀರಿಸುವವರಿಲ್ಲ."

೨. ಹೊಟ್ಟೆಯ ಮೇಲಿನ ಚೌಕ

ಹೆಚ್ಚು ಹೊತ್ತು ಹಾರಬೇಕಾದರೆ ತೂಕ ಕಡಿಮೆ ಇರಬೇಕು. ನಾವು ಒಂದೊಂದು ಸ್ಕ್ರೂವಿನ ತಲೆಯನ್ನೂ ಉಜ್ಜಿ ಹಗುರ ಮಾಡುತ್ತಿದ್ದೆವು. ವಾರದ ರಜೆ ಮುಗಿಸಿ ಬಂದು ನೋಡಿದರೆ ಡ್ರೋನಿಗೆ ಬಣ್ಣ ಬಳಿದಾಗಿತ್ತು. ಎರಡು ಪದರ ಬಿಳಿ, ಮೇಲೆ ದಪ್ಪ ಬಂಗಾರದ ಅಕ್ಷರದಲ್ಲಿ ಕಂಪನಿಯ ಹೆಸರು, ಹೊಟ್ಟೆಯ ಮೇಲೆ ಚಾಪೆಯಗಲದ ಕ್ಯೂಆರ್ ಕೋಡ್. ಮಾರ್ಕೆಟಿಂಗ್‌ನವರ ಕೆಲಸ.

"ಇದು ಇಷ್ಟು ಎತ್ತರದಲ್ಲಿರುವಾಗ ಯಾರು ಸ್ಕ್ಯಾನ್ ಮಾಡ್ತಾರೆ?" ಎಂದು ಕೇಳಿದೆ.

ಮಾರ್ಕೆಟಿಂಗ್‌ನವರು ಯೋಚಿಸಿದರು. "ಕಳೆದುಹೋದವರು ಮಾಡಬಹುದು, ಮೇಡಂ. ಅವರಿಗೆ ಟೈಮ್ ಇರುತ್ತೆ."

ಬಣ್ಣದ ಭಾರಕ್ಕೆ ಡ್ರೋನ್ ಮಧ್ಯಾಹ್ನಕ್ಕೇ ಸುಸ್ತಾಗಿ ಇಳಿಯತೊಡಗಿತು. ಜನರಲ್ ಮ್ಯಾನೇಜರು ಸಭೆ ಕರೆದು, ತೂಕ ಇಳಿಸುವ ದಾರಿಯನ್ನು ತಾವೇ ಸೂಚಿಸಿದರು. "ಹೆಸರು ತೆಗೆಯೋದು ಬೇಡ, ಮಾಲೀಕರಿಗೆ ಬೇಜಾರಾಗ್ತದೆ. ಈ ಬ್ಯಾಟ್ರಿ ಉಂಟಲ್ಲ, ಅದು ಹೊರಗೆ ಕಾಣುವುದೇ ಇಲ್ಲ. ಅದನ್ನೇ ಸ್ವಲ್ಪ ಸಣ್ಣ ಮಾಡುವ."

ನಾನೂ ಇನ್ನೊಬ್ಬ ಇಂಜಿನಿಯರೂ ಸೇರಿ, ಅವರು ರಜೆಗೆ ಊರಿಗೆ ಹೋಗುವುದನ್ನೇ ಕಾದು, ಬಣ್ಣವನ್ನೆಲ್ಲ ಕೆರೆದು ತೆಗೆದೆವು. ವಾಪಸು ಬಂದವರು ಡ್ರೋನನ್ನು ಸುತ್ತುಹಾಕಿ ನೋಡಿ, "ಬಿಸಿಲಿಗೆ ಬಣ್ಣ ನಿಲ್ಲುವುದಿಲ್ಲ ಇಲ್ಲಿ" ಎಂದು ಮಾರ್ಕೆಟಿಂಗ್‌ನವರನ್ನು ಬೈದರು.

೩. ಮನುಷ್ಯ ಎಂದರೆ ಯಾರು

ನಮ್ಮ ಸೇಫ್ಟಿ ಆಫೀಸರು ಧಾರವಾಡದ ಕಡೆಯವರು. ಹಳದಿ ಜಾಕೆಟ್, ಹೆಲ್ಮೆಟ್ ಇಲ್ಲದೆ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಅವರಂತೂ ಊಟಕ್ಕೆ ಕೂತಾಗಲೂ ಹೆಲ್ಮೆಟ್ ತೆಗೆಯುತ್ತಿರಲಿಲ್ಲ.

ಮೇಲಿನಿಂದ ನೋಡಿ ಇದು ಮನುಷ್ಯ, ಇದು ಒಂಟೆ, ಇದು ಕಲ್ಲು ಎಂದು ಗುರುತಿಸುವುದನ್ನು ಕ್ಯಾಮರಾಕ್ಕೆ ಕಲಿಸಬೇಕಿತ್ತು. ಸಾವಿರಾರು ಚಿತ್ರ ತೋರಿಸಿ ಕಲಿಸಿದೆವು. ಎಲ್ಲವೂ ನಮ್ಮ ಅಂಗಳದಲ್ಲೇ, ನಮ್ಮವರನ್ನೇ ನಿಲ್ಲಿಸಿ, ಕೂರಿಸಿ, ಮಲಗಿಸಿ ತೆಗೆದವು. ಮರಳುಗಾಡಿಗೆ ಒಯ್ದು ಪರೀಕ್ಷಿಸಿದರೆ ಉದ್ದನೆಯ ಬಿಳಿ ಥೋಬ್ ತೊಟ್ಟವರು, ಶರಟು ಹಾಕಿದವರು, ಬುರ್ಖಾದವರು ಯಾರೂ ಅದರ ಕಣ್ಣಿಗೆ ಮನುಷ್ಯರಲ್ಲ. ರಸ್ತೆ ಬದಿಯ ಹಳದಿ ಡ್ರಮ್ಮು ಮಾತ್ರ ಮನುಷ್ಯ.

ಹಳದಿ ಜಾಕೆಟ್ಟು, ಹೆಲ್ಮೆಟ್ಟು ಇಲ್ಲದ ಒಬ್ಬನೇ ಒಬ್ಬನನ್ನೂ ಅದು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮತ್ತೆ ಕಲಿಸಲು ಸಮಯವಿರಲಿಲ್ಲ. ಮುಂದಿನ ವಾರವೇ ಗಿರಾಕಿ ಬರುವವರಿದ್ದರು. ಸೇಫ್ಟಿ ಆಫೀಸರು ಮಾತ್ರ ಖುಷಿಯಾಗಿದ್ದರು. "ಮಷೀನಿಗೆ ಬುದ್ಧಿ ಐತಿ ನೋಡ್ರಿ ಮೇಡಂ. ಹೆಲ್ಮೆಟ್ ಹಾಕದವ ಮನಷ್ಯಾನ ಅಲ್ಲ ಅಂತ ನಾನೂ ಅದನ್ನ ಹೇಳಕೋತ ಬಂದೇನಿ."

೪. ಕಳೆದುಹೋದವರು

ಹೀಗಾಗಿ ಪ್ರದರ್ಶನಕ್ಕೆ ಕಳೆದುಹೋಗುವವರು ಯಾರು ಎಂಬುದರಲ್ಲಿ ಚರ್ಚೆಯೇ ಇರಲಿಲ್ಲ. ಡ್ರೋನಿಗೆ ಚೆನ್ನಾಗಿ ಪರಿಚಯವಿದ್ದವರು ಸೇಫ್ಟಿ ಆಫೀಸರೇ. ಬೆಳಗಿನ ಜಾವ ಅವರನ್ನು ಮರಳುಗಾಡಿನ ನಡುವೆ ಬಿಟ್ಟು ಬಂದೆವು. ಜೊತೆಗೆ ನೀರು, ಒಂದು ಡಬ್ಬಿ ಅವಲಕ್ಕಿ. ಫೋನನ್ನು ಅವರೇ ನಮ್ಮ ಕೈಗೆ ಕೊಟ್ಟರು. "ಕಳದುಹೋದಾವನ ಕಡೆ ಫೋನ್ ಇರಂಗಿಲ್ಲ" ಎಂದರು. ಡ್ರೋನ್ ಹಾರಿತು.

ಹತ್ತು ಗಂಟೆಯ ಹೊತ್ತಿಗೆ ಗಿರಾಕಿಯ ಕಡೆಯ ಹಿರಿಯ ಅಧಿಕಾರಿ ಬಂದು ಟೆಂಟಿನಲ್ಲಿ ದೊಡ್ಡ ಪರದೆಯ ಮುಂದೆ ಕೂತರು. ಕರಕ್ ಚಹಾ ಬರುವುದರೊಳಗೆ ಡ್ರೋನ್ ಹಳದಿ ಜಾಕೆಟ್ಟನ್ನು ಹಿಡಿದುಬಿಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು.

ಪರದೆಯ ಮೇಲೆ ಸೇಫ್ಟಿ ಆಫೀಸರು ಎರಡೂ ಕೈ ಎತ್ತಿ ಬೀಸುತ್ತಿದ್ದರು. ನೀವು ಹುಡುಕಿದ್ದಾಯಿತಲ್ಲ, ಇನ್ನು ಕರೆದುಕೊಂಡು ಹೋಗಿ ಎಂದು. ಅಧಿಕಾರಿಗೆ ಅದು ತಮಗೆ ಮಾಡಿದ ನಮಸ್ಕಾರದಂತೆ ಕಂಡಿತು. ಅವರೂ ಪರದೆಗೆ ಕೈ ಬೀಸಿದರು. ಅವರು ಬೀಸಿದಮೇಲೆ ನಾವೂ ಬೀಸಬೇಕಾಯಿತು.

ಆಗ ಜನರಲ್ ಮ್ಯಾನೇಜರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೇಡಂ, ಅವರನ್ನು ತರ್ಲಿಕ್ಕೆ ಯಾರು ಹೋಗುವುದು?"

ಹುಡುಕುವುದರ ಬಗ್ಗೆ ನಾವು ಆರು ತಿಂಗಳು ಸಭೆ ನಡೆಸಿದ್ದೆವು. ಕರೆತರುವುದರ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಡ್ರೋನ್ ಮೇಲಿರುವಷ್ಟು ಹೊತ್ತು ಆ ಜಾಗಕ್ಕೆ ಯಾವ ವಾಹನವೂ ಹೋಗಕೂಡದೆಂಬ ನಿಯಮವಿತ್ತು, ಸೇಫ್ಟಿ ಆಫೀಸರೇ ಮಾಡಿದ್ದು. ಡ್ರೋನ್ ಇಳಿಯುವುದು ಮರುದಿನ ಬೆಳಿಗ್ಗೆ. ಮೊದಲೇ ಇಳಿಸಿದರೆ ನಾವೆಲ್ಲ ಊರಿಗೆ. ನಿಯಮ ಸಡಿಲಿಸಲು ಒಬ್ಬರ ಸಹಿ ಸಾಕಿತ್ತು, ಅದು ಸೇಫ್ಟಿ ಆಫೀಸರದ್ದು. ಹೋಗಬೇಕಾದರೆ ಸಹಿ ಬೇಕು, ಸಹಿ ಬೇಕಾದರೆ ಹೋಗಬೇಕು.

ಪರದೆಯ ಮೇಲೆ ಅವರು ಈಗ ಕೈ ಬೀಸುವುದನ್ನು ಬಿಟ್ಟು ನಮ್ಮ ಕಡೆ ಮುಷ್ಟಿ ತೋರಿಸುತ್ತಿದ್ದರು. "ಉತ್ಸಾಹದ ಮನುಷ್ಯ" ಎಂದರು ಅಧಿಕಾರಿ.

ಅಷ್ಟರಲ್ಲಿ ಪರದೆಯೊಳಗೆ ಒಂದು ಹಳೆಯ ಪಿಕಪ್ ಬಂತು. ಒಂಟೆ ಮೇಯಿಸುವವನೊಬ್ಬ ಇಳಿದು, ಅವರನ್ನು ಹತ್ತಿಸಿಕೊಂಡು, ಮೇವಿನ ಮೇಲೆ ಕೂರಿಸಿ ಹೊರಟ. ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಕ್ಷಣೆಯ ಏರ್ಪಾಡನ್ನೂ ಇಷ್ಟು ಸಹಜವಾಗಿ ಮಾಡಿದ್ದೀರಿ, ಡ್ರೋನ್ ನಾಳೆಯವರೆಗೆ ಇಳಿಯದಿದ್ದರೆ ಕರಾರು ನಿಮ್ಮದೇ ಎಂದರು. ಜನರಲ್ ಮ್ಯಾನೇಜರು ಪಿಕಪ್ಪನ್ನು ತಾವೇ ಕಟ್ಟಿದಂತೆ ತಲೆ ಬಾಗಿಸಿದರು.

ಪಿಕಪ್ ಟೆಂಟಿನ ಮುಂದೆ ಅವರನ್ನು ಇಳಿಸಿ ಹೋಯಿತು. ಸೇಫ್ಟಿ ಆಫೀಸರು ಮೈಮೇಲಿನ ಹುಲ್ಲು ಕೊಡವಿ, ಹೆಲ್ಮೆಟ್ ಸರಿಮಾಡಿಕೊಂಡು ನೇರ ನಮ್ಮ ಹತ್ತಿರ ಬಂದರು. "ನಿರ್ಬಂಧಿತ ಜಾಗಾದಾಗ ವಾಹನ ಹೊಕ್ಕೈತಿ. ನಿಯಮದ ಪ್ರಕಾರ ಈಗಿಂದೀಗ ಡ್ರೋನ್ ಇಳಸ್ರಿ."

ಜನರಲ್ ಮ್ಯಾನೇಜರ ಮುಖ ಬಿಳಿಚಿಕೊಂಡಿತು. ನನ್ನ ಕಣ್ಣಮುಂದೆ ಮಗಳ ಪುಸ್ತಕದ ಚೀಲ ಬಂತು. ಎಲ್ಲಿಂದ ಧೈರ್ಯ ಬಂತೋ, ಮುಂದೆ ಹೋಗಿ ಹೇಳಿದೆ: "ಸರ್, ಡ್ರೋನ್ ಇಳಿಯುವವರೆಗೆ ಅಲ್ಲಿಗೆ ವಾಹನ ಹೋಗೋ ಹಾಗಿಲ್ಲ, ಅಂದಮೇಲೆ ಕಳೆದುಹೋದವರು ಅಲ್ಲೇ ಇರಬೇಕು. ನಿಯಮದ ಪ್ರಕಾರ ನೀವು ಇನ್ನೂ ಬಂದಿಲ್ಲ. ಬಾರದವರು ಆರ್ಡರ್ ಕೊಡೋ ಹಾಗಿಲ್ಲ."

ಅವರು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಂಡರು. "ಖರೇ ಐತಿ," ಎಂದರು. ಟೆಂಟಿನ ಮೂಲೆಯಲ್ಲಿ ಕೂತು, ಯಾರೊಂದಿಗೂ ಮಾತಾಡದೆ, ಇಲ್ಲದವರ ಹಾಗೆ ಎರಡು ತಟ್ಟೆ ಮಜ್ಬೂಸ್ ಅನ್ನ ತಿಂದರು.

ಮರುದಿನ ಬೆಳಿಗ್ಗೆ ಡ್ರೋನ್ ಇಳಿಯಿತು. ಕರಾರು ನಮ್ಮದಾಯಿತು. ಗಾಲಿ ನೆಲಕ್ಕೆ ತಾಗಿದ ಕ್ಷಣವೇ ಸೇಫ್ಟಿ ಆಫೀಸರು ನನ್ನ ಹತ್ತಿರ ಬಂದು, "ಈಗ ಬಂದೆ ನೋಡ್ರಿ" ಎಂದು ಒಂದು ಹಾಳೆ ಕೊಟ್ಟರು. ನಿರ್ಬಂಧಿತ ಜಾಗಕ್ಕೆ ಹೆಲ್ಮೆಟ್ ಇಲ್ಲದೆ ನುಗ್ಗಿದ್ದಕ್ಕಾಗಿ ಆ ಒಂಟೆಯವನಿಗೆ ನೋಟಿಸು.

"ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಈ ಮರಳುಗಾಡಿನಲ್ಲಿ ಅವನನ್ನ ಎಲ್ಲಿ ಅಂತ ಹುಡುಕೋದು, ಸರ್?" ಎಂದೆ.

"ಮತ್ತ ಡ್ರೋನ್ ಯಾಕ ಮಾಡೀರಿ?" ಎಂದರು.