ಒಳಮೈ ಹೊರಗಾದ ಗಿಟಾರಿನ ವಿಷಯವಾಗಿ

ಗಿಟಾರ್ ಜೋಡಣೆಯ ಕೈಪಿಡಿಯನ್ನು ಬರೆದು, ಅದರ ಮೇಲೆ ತಮ್ಮ ಹೆಸರನ್ನೂ ಹಾಕಿಕೊಳ್ಳದಷ್ಟು ವಿನಯವಂತರಾದ ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಹತ್ತು ಬೆರಳುಗಳೂ ಒಂದಕ್ಕೊಂದು ಅಂಟಿಕೊಳ್ಳದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇತ್ತ ನಾನು ಎಂಟು ಬೆರಳುಗಳ ಮಟ್ಟಿಗೆ ಕ್ಷೇಮ.

ನಾನು ಅಂಗಿ ಹೊಲಿಯುವವಳು. ಕಳೆದ ತಿಂಗಳು ಒಂದು ದಿನ ಬಟ್ಟೆಯ ರಾಶಿಯ ಮೇಲೆ ಕೂತು ಗುಂಡಿ ಹಚ್ಚತೊಡಗಿದಾಗ, ಆ ರಾಶಿಯ ಕೆಳಗೆ ನನ್ನ ಅಣ್ಣನ ಗಿಟಾರ್ ಮಲಗಿತ್ತು. ಅದರ ಕತ್ತು ಉಳಿಯಿತು, ತಂತಿ ಉಳಿಯಿತು, ಒಡಲು ಉಳಿಯಲಿಲ್ಲ. ಅಣ್ಣ ಬೈದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಅವನು ಬೈಯದೆ ಮಾತು ಬಿಟ್ಟ. ಊಟಕ್ಕೆ ಕೂತರೆ, ಒಂದು ಮೊಳ ದೂರದಲ್ಲಿರುವ ನನ್ನನ್ನು ದಾಟಿ, ಒಲೆಯ ಮುಂದಿರುವ ಅಮ್ಮನಿಗೆ "ಅಮ್ಮಾ, ಉಪ್ಪು ಈ ಕಡೆ ತಳ್ಳು ಅಂತ ಅವಳಿಗೆ ಹೇಳು" ಎನ್ನುತ್ತಿದ್ದ. "ನಾನೇನು ಅಂಚೆಯವಳೇನೋ? ಅವಳಿಗೂ ಕಿವಿ ಇದೆ" ಎಂದು ಅಮ್ಮ ಗದರಿದರೆ, "ಇದೆ ಅಂತ ಅವಳಿಗೆ ಹೇಳು" ಎನ್ನುತ್ತಿದ್ದ. ತಪ್ಪಾಯಿತು ಎನ್ನಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದೆ. ಆದರೆ ನನ್ನ ಮಾತುಗಳು ಗಂಟಲಿನವರೆಗೆ ಬಂದು, ಹೊರಗೆ ಜನ ಇದ್ದಾರೆಂದು ಕಂಡು, ಮತ್ತೆ ಒಳಗೆ ಹೋಗಿಬಿಡುವಂಥವು. ಬಾಯಿಂದ ಆಗದ್ದನ್ನು ಕೈಯಿಂದಲಾದರೂ ಹೇಳೋಣವೆಂದು, ಗಿಟಾರಿನ ಒಡಲನ್ನು ಮನೆಯಲ್ಲೇ ಜೋಡಿಸುವ ತಮ್ಮ ಪೆಟ್ಟಿಗೆಯನ್ನು ತರಿಸಿದೆ.

ಪೆಟ್ಟಿಗೆಯ ಮೇಲೆ "ಪುಟ್ಟ ಮಗುವೂ ಜೋಡಿಸಬಹುದು" ಎಂದು ಬರೆದಿದ್ದೀರಿ. ಆ ಮಗುವಿಗೆ ಬಿಡುವಿದ್ದರೆ ದಯವಿಟ್ಟು ನಮ್ಮ ಮನೆಗೆ ಕಳಿಸಿಕೊಡಬೇಕಾಗಿ ಕೋರುತ್ತೇನೆ. ಹಾಲು, ಬಿಸ್ಕತ್ತು ನಮ್ಮದು. ಹಾಗೆಯೇ ಕೈಪಿಡಿಯ ಎಲ್ಲ ಚಿತ್ರಗಳಲ್ಲೂ ನಗುತ್ತಾ ನಿಂತಿರುವ ಆ ಮಹನೀಯರ ಬಗ್ಗೆ ಎರಡು ಮಾತು. ಅಂಟು ಒಣಗುವ ತನಕ ಬಾಗಿದ ಹಲಗೆಯನ್ನು ಆರು ಕಡೆ ಒತ್ತಿ ಹಿಡಿಯಬೇಕೆಂದು ಬರೆದು, ಪಕ್ಕದಲ್ಲೇ ಅವರು ಎರಡೂ ಕೈ ಸೊಂಟದ ಮೇಲಿಟ್ಟುಕೊಂಡ ಚಿತ್ರ ಹಾಕಿದ್ದೀರಿ. ಮೈಮೇಲೆ ಬಿಳಿ ಅಂಗಿ, ಅದರ ಮೇಲೆ ಒಂದು ಹನಿ ಅಂಟಿಲ್ಲ. ಅಂಗಿಯ ಎಡ ತೋಳು ಕಾಲಿಂಚು ಗಿಡ್ಡವಾಗಿದೆ ಎಂಬುದೊಂದೇ ನನಗೆ ಸಿಕ್ಕ ಸಮಾಧಾನ.

ಪಕ್ಕದ ಹಲಗೆಗಳ ಅಂಚಿಗೆ ಮರದ ಪಟ್ಟಿಗಳನ್ನು ಅಂಟಿಸಿದ ಮೇಲೆ "ಸಾಕಷ್ಟು ಹಿಡಿಕೆಗಳಿಂದ ಬಿಗಿಯಿರಿ" ಎಂದಿದ್ದೀರಿ. ಹಿಡಿಕೆ ಎಂದರೆ ನಮ್ಮ ಮನೆಯಲ್ಲಿ ಇದ್ದದ್ದು ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಒಟ್ಟು ಐವತ್ತೆರಡು. ಐವತ್ತೆರಡನ್ನೂ ಸಿಕ್ಕಿಸಿದಾಗ ಗಿಟಾರು ಮುಳ್ಳುಹಂದಿಯಂತೆ ಕಂಡಿತು, ಆದರೂ ಬಿಗಿಯಾಗಿ ಕೂತಿತು. ಅದಕ್ಕಾಗಿ ತಮಗೆ ಕೃತಜ್ಞಳು. ಅದೇ ಹೊತ್ತಿಗೆ ಮಹಡಿಯ ಮೇಲೆ ಕ್ಲಿಪ್ಪಿಲ್ಲದೆ ಒಣಗುತ್ತಿದ್ದ ಅಪ್ಪನ ಪ್ಯಾಂಟು ಗಾಳಿಗೆ ಹಾರಿಹೋಯಿತು. ಪಕ್ಕದ ಮನೆಯ ಚಿಕ್ಕಮ್ಮ ಗೋಡೆಯಾಚೆಯಿಂದ ಕೂಗಿ, "ಅಕ್ಕಾ, ನಿಮ್ಮ ಯಜಮಾನರು ಸೊಂಟದಿಂದ ಕೆಳಗೆ ನಮ್ಮನೇಗೆ ಬಂದಿದಾರೆ, ಮಿಕ್ಕವರು ಯಾವಾಗ ಬರ್ತಾರೆ?" ಎಂದು ಕೇಳಿದರು. ಅಪ್ಪ ಮೂರು ದಿನ ಆ ಕಡೆಯ ರಸ್ತೆಯಲ್ಲಿ ನಡೆಯಲಿಲ್ಲ. ಕೈಪಿಡಿಯ ಮುಂದಿನ ಮುದ್ರಣದಲ್ಲಿ ಗಾಳಿಯ ಬಗ್ಗೆಯೂ ಒಂದು ಎಚ್ಚರಿಕೆಯ ಸಾಲು ಸೇರಿಸಬೇಕಾಗಿ ವಿನಂತಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಏಳನೆಯ ಹಂತದಲ್ಲಿ ತಾವು "ಎದುರು ಹಲಗೆಯನ್ನೂ ಬೆನ್ನು ಹಲಗೆಯನ್ನೂ ಪಕ್ಕದ ಹಲಗೆಗಳಿಗೆ ಅಂಟಿಸಿರಿ" ಎಂದಷ್ಟೇ ಬರೆದು ಮೌನವಾಗಿದ್ದೀರಿ. ಆ ಎರಡು ಹಲಗೆಗಳಿಗೂ ಒಂದು ಮುಖ ನುಣ್ಣಗೆ ಹೊಳೆಯುತ್ತಿತ್ತು, ಇನ್ನೊಂದು ಮುಖದ ತುಂಬ ಅಡ್ಡಪಟ್ಟಿಗಳಿದ್ದವು. ಯಾವ ಮುಖ ಎತ್ತ ಕಡೆಗೆ ಎಂದು ತಾವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹನ್ನೊಂದು ವರ್ಷದಿಂದ ಅಂಗಿ ಹೊಲಿಯುತ್ತಿರುವ ನನ್ನ ಕೈಗಳಿಗೆ ತಿಳಿದಿರುವುದು ಒಂದೇ ಪದ್ಧತಿ: ಚೆಂದದ ಮೈ ಒಳಗಿಟ್ಟು, ಹೊಲಿಗೆಯ ಅಂಚು ಹೊರಗಿಟ್ಟು, ಸುತ್ತ ಹೊಲಿದು, ಕೊನೆಗೆ ಬಿಟ್ಟ ಬಾಯಿಂದ ಎಳೆದು ತಿರುಗಿಸುವುದು. ಕಾಲರಾದರೂ ಹಾಗೆಯೇ, ದಿಂಬಿನ ಚೀಲವಾದರೂ ಹಾಗೆಯೇ. ತಲೆಯನ್ನು ಒಂದು ಮಾತೂ ಕೇಳದೆ ಕೈಗಳು ಗಿಟಾರನ್ನೂ ಹಾಗೆಯೇ ಮಾಡಿದವು. ನಡುವೆ ತಾವು ಬಿಟ್ಟಿದ್ದ ದುಂಡು ತೂತನ್ನು ನೋಡಿ, ತಿರುಗಿಸಲಿಕ್ಕೆ ಜಾಗ ಬಿಟ್ಟಿದ್ದಾರೆ, ಎಂಥ ತಿಳಿವಳಿಕೆಯ ಜನ ಎಂದು ಮೆಚ್ಚಿಕೊಂಡವು. ಅಂಟು ಪೂರ್ತಿ ಒಣಗಿದ ಮೇಲೆ ತೂತಿನೊಳಗೆ ಕೈ ಹಾಕಿ ತಿರುಗಿಸಲು ಹೋದಾಗಲೇ ನನ್ನ ತಲೆ ಕೆಲಸಕ್ಕೆ ಹಾಜರಾದದ್ದು.

ಆದ್ದರಿಂದ ಮಾನ್ಯರು ದಯಮಾಡಿ ಮರದ ಹಲಗೆಯನ್ನು ಹತ್ತಿ ಬಟ್ಟೆಯಷ್ಟು ಮೆದುವಾಗಿಸಿ, ನಾನು ತಿರುಗಿಸಿಕೊಂಡ ಮೇಲೆ ಮತ್ತೆ ಮರವಾಗಿಸುವ ಯಾವುದಾದರೂ ದ್ರಾವಣವಿದ್ದರೆ ಒಂದು ಸೀಸೆ ಕಳಿಸಬೇಕು. ಅದಿಲ್ಲದಿದ್ದರೆ, ಗಿಟಾರಿನ ಒಳಗೆ ಕೂತು ಬಾರಿಸಬಲ್ಲ ಸಣ್ಣ ಗಾತ್ರದ ವಾದಕರೊಬ್ಬರನ್ನು ಕಳಿಸಬೇಕು. ನುಣುಪಾದ ಮೈಯೆಲ್ಲ ಒಳಗೇ ಇರುವುದರಿಂದ ಅವರಿಗೆ ವಾಸಕ್ಕೆ ತೊಂದರೆಯಾಗದು.

ನಾನು ಅದನ್ನು ಹಳೆಯ ಚಾದರದಲ್ಲಿ ಸುತ್ತಿ ಕಪಾಟಿನ ಹಿಂದೆ ಬಚ್ಚಿಟ್ಟೆ. ಭಾನುವಾರ ಅಣ್ಣ ಕಪಾಟಿನ ಹಿಂದೆ ಬಿದ್ದ ಬಾಚಣಿಗೆ ಹುಡುಕುತ್ತಾ ಅದನ್ನು ಹೊರಗೆಳೆದ. ಹಿಂದೆ ಮುಂದೆ ತಿರುಗಿಸಿ ನೋಡಿದ. ಹೊರಗೆ ಎದ್ದುಕೊಂಡಿದ್ದ ಪಟ್ಟಿಗಳನ್ನು ಪಕ್ಕೆಲುಬು ಎಣಿಸುವ ಡಾಕ್ಟರಂತೆ ಒಂದೊಂದಾಗಿ ಮುಟ್ಟಿದ. ತೂತಿಗೆ ಕಣ್ಣಿಟ್ಟು ಒಳಗಿನ ಹೊಳಪನ್ನು ನೋಡಿದ. ಅಮ್ಮ ಕಿಟಕಿಯ ಹತ್ತಿರ ನಿಂತು, ಏನೂ ಇಲ್ಲದ ಪಾತ್ರೆಯನ್ನು ಸೌಟಿನಿಂದ ತಿರುವುತ್ತಿದ್ದರು. ಆಮೇಲೆ ಅವನು, ಅಮ್ಮನ ಕಡೆಗೆ ಅಲ್ಲ, ನನ್ನ ಕಡೆಗೆ ತಿರುಗಿ ಕೇಳಿದ:

"ಲೇ, ಇದಕ್ಕೆ ಗುಂಡಿ ಯಾವ ಕಡೆ ಬರುತ್ತೇ?"

ಮಾನ್ಯರೇ, ಹತ್ತೊಂಬತ್ತು ದಿನಗಳ ಮೇಲೆ ಅದು ಮೊದಲನೆಯ ಮಾತು. "ಇನ್ನೂ ಕಾಜಾ ಮಾಡಿಲ್ಲ ಕಣೋ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು, ಅದರ ಹಿಂದೆಯೇ, ಗಂಟಲಿನಲ್ಲಿ ಸಾಲು ನಿಂತಿದ್ದ "ತಪ್ಪಾಯ್ತು" ಕೂಡ ಬಂತು. ಅವನಿಗೆ ಎರಡನೆಯದು ಕೇಳಿಸಿತೋ ಇಲ್ಲವೋ, ಅಷ್ಟು ನಗುತ್ತಿದ್ದ.

ಈಗ ನಾವಿಬ್ಬರೂ ಸೇರಿ, ಬಿಸಿನೀರು ಹಾಗೂ ಬೆಣ್ಣೆ ಸವರುವ ಚಾಕುವಿನಿಂದ ಅದನ್ನು ಬಿಚ್ಚುತ್ತಿದ್ದೇವೆ. ಐವತ್ತೆರಡು ಕ್ಲಿಪ್ಪಿಲ್ಲದೆ ಹಿಡಿ ಎಂದಾಗ ಹಿಡಿಯದ ತಮ್ಮ ಅಂಟು, ಬಿಡು ಎಂದರೆ ಬಿಡುತ್ತಿಲ್ಲ. ದಿನಕ್ಕೆ ಎರಡು ಬೆರಳಗಲ ಬಿಡಿಸಿದರೆ ಹೆಚ್ಚು. ಅಷ್ಟು ಹೊತ್ತೂ ಅಣ್ಣ ನನ್ನನ್ನು ಬೈಯುತ್ತಲೇ ಇರುತ್ತಾನೆ, ನೇರವಾಗಿ, ಬಾಯ್ತುಂಬ. ಆದಕಾರಣ ಹೊಸ ಪೆಟ್ಟಿಗೆ ಕಳಿಸುವ ಆಲೋಚನೆ ತಮಗಿದ್ದರೆ, ತಮ್ಮ ಕಚೇರಿಯ ಎಂದಿನ ವೇಗದಲ್ಲೇ ಕಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮಗೆ ಯಾವ ಅವಸರವೂ ಇಲ್ಲ.

ಎಷ್ಟು ತೊಳೆದರೂ ತಮ್ಮನ್ನು ಬಿಡಲಾರದ
ತಮ್ಮ ವಿಶ್ವಾಸಿ,
ಅಂಗಿ ಹೊಲಿಯುವ ತಂಗಿ

ಮರೆತಿದ್ದೆ: ಪೆಟ್ಟಿಗೆಯಲ್ಲಿ ಒಂದು ಮರದ ತುಂಡು ಮಿಕ್ಕಿದೆ, ಕೈಪಿಡಿಯ ಯಾವ ಪುಟದಲ್ಲೂ ಅದರ ಚಿತ್ರವಿಲ್ಲ. ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಡುಗೆಮನೆಯ ಬಾಗಿಲಿನ ಕೆಳಗೆ ಅಮ್ಮ ಅದನ್ನು ಸಿಕ್ಕಿಸಿದ್ದಾರೆ. ತಾವು ಕಳಿಸಿದ ಸಾಮಾನಿನಲ್ಲಿ ಮೊದಲ ಸಲಕ್ಕೇ ಸರಿಯಾಗಿ ಕೂತದ್ದು ಅದೊಂದೇ.