ಡೆಲ್ಮರನ ಎಡಗಾಲು

"ಶನಿವಾರದೊಳಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿ ಮುಗಿಸಿರ್ತೀನಿ. ಆಮೇಲೆ ಗಾಡಿ ಓಡಿಸೋದು ನೀನು. ನಾನು ಪಕ್ಕದಲ್ಲಿ ಮಹಾರಾಜನ ಥರ ಕೂತಿರ್ತೀನಿ" ಎಂದು ಡೆಲ್ಮರ್ ಅಡುಗೆಮನೆಯಲ್ಲಿ ನಿಂತು ಘೋಷಿಸಿದಾಗ ಅವನ ಹೆಂಡತಿ ನೋಲಾ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. ಡೆಲ್ಮರನ ಒಂದೊಂದು ಘೋಷಣೆಗೂ ಚಾಕು ಕೆಳಗಿಟ್ಟಿದ್ದರೆ ಆ ಮನೆಯಲ್ಲಿ ಇಷ್ಟು ವರ್ಷ ಒಲೆಯೇ ಉರಿಯುತ್ತಿರಲಿಲ್ಲ.

ಆದರೆ ಇದು ಅಂತಿಂಥ ಘೋಷಣೆಯಲ್ಲ. ಗುಜರಿಯಿಂದ ಒಂದೊಂದೇ ಭಾಗ ಹೊತ್ತು ತಂದು, ಮನೆಯ ಷೆಡ್ಡಿನಲ್ಲಿ ತಾನೇ ಕಟ್ಟಿ ನಿಲ್ಲಿಸಿದ ಡೆಲ್ಮರನ ದೊಡ್ಡ ಇಂಜಿನ್ನಿನ ಹಾಟ್ ರಾಡ್ ಕಾರು ಇಡೀ ಸಲೈನಾ ಊರಿಗೇ ಗೊತ್ತು. ಮೇಲೆ ಚಾವಣಿಯಿಲ್ಲ, ಒಳಗೆ ಸದ್ದಿಗೆ ಮಿತಿಯಿಲ್ಲ! ಎಡಗಾಲಲ್ಲಿ ಕ್ಲಚ್ ತುಳಿದು ಗೇರ್ ಬದಲಿಸದವನು ಡ್ರೈವರೇ ಅಲ್ಲ, ಆಟೋಮ್ಯಾಟಿಕ್ ಅಂದರೆ ಸೋಮಾರಿಗಳ ಸೋಫಾ ಎಂದು ಜೀವಮಾನವಿಡೀ ಭಾಷಣ ಬಿಗಿದವನು ಆತ. ಅಂಥವನು ಈಗ ಕೈಯಾರೆ ಆ ಸೋಫಾ ಹಾಕಲು ಹೊರಟಿದ್ದು ನೋಲಾಳ ಎಡ ಮಂಡಿಗಾಗಿ.

ಚಳಿಗಾಲದಲ್ಲಿ ಅವಳ ಮಂಡಿಗೆ ಆಪರೇಷನ್ ಆಗಿತ್ತು. ಮಂಡಿ ಮಡಚದಂತೆ ಎರಡು ಬದಿಗೂ ಉಕ್ಕಿನ ಪಟ್ಟಿಯಿದ್ದ ಮಂಡಿಕಟ್ಟನ್ನು ಬಿಗಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಆದರೆ ಆ ಕಾರಿನ ಕಲ್ಲಿನಂಥ ಕ್ಲಚ್ ತುಳಿಯುವುದು ಮಾತ್ರ ಅವಳಿಂದಾಗದ ಕೆಲಸ. ಹುಡುಗಿಯಾಗಿದ್ದಾಗ ರೇಸಿನಲ್ಲಿ ಡೆಲ್ಮರನನ್ನೇ ಸೋಲಿಸಿ, ಆಮೇಲೆ ಪಾಪ ಅಂತ ಮದುವೆಯಾದವಳು ಅವಳು. ಶನಿವಾರ ಸಂಜೆ ಊರಿನ ಹಾಟ್ ರಾಡ್‌ಗಳೆಲ್ಲ ಹೆದ್ದಾರಿ ಹೋಟೆಲಿನ ಮುಂದೆ ಸೇರುವಾಗ ಸ್ಟಿಯರಿಂಗ್ ಹಿಡಿದು ಬರುತ್ತಿದ್ದವಳು ಈಗ ಪಕ್ಕದ ಸೀಟು ಸೇರಿದ್ದಳು. "ಮೂಟೆ ಥರ ಹೋಗಿ ಮೂಟೆ ಥರ ವಾಪಸ್ ಬರ್ತೀನಿ" ಎಂದು ಒಂದೇ ಒಂದು ಸಲ ಅಂದಿದ್ದಳು. ಆ ಮಾತು ಡೆಲ್ಮರನಿಗೆ ಚುಚ್ಚಿ ಅಲ್ಲೇ ಉಳಿದಿತ್ತು.

ಕೆಲಸ ಶುರುವಾಯಿತು. ಹಳೆಯ ಗೇರ್‌ಬಾಕ್ಸಿನ ಜಾಗದಲ್ಲಿ ಹೊಸದು ಹಿಡಿಸಲಿಲ್ಲ. ಕಾರಿನ ತಳವನ್ನೇ ಕತ್ತರಿಸಿದ. ಕತ್ತರಿಸಿದ ತೂತು ಮುಚ್ಚಲು ತಗಡು ಬೇಕಾಯಿತು; ನೋಲಾ ಬನ್ ಬೇಯಿಸುವ ತಟ್ಟೆ ಹೇಳಿ ಮಾಡಿಸಿದಂತೆ ಕೂತಿತು. ಹಬ್ಬಕ್ಕೆ ಟರ್ಕಿ ಕೋಳಿ ಹುರಿಯುವ ಅಗಲ ಪಾತ್ರೆಯಲ್ಲಿ ಗೇರಿನ ಕೆಂಪು ಎಣ್ಣೆ ತುಂಬಿ ನಿಂತಿತು. ಅಡುಗೆಮನೆ ಬರಿದಾಗುತ್ತಾ ಬಂದಂತೆ ಕಾರು ತುಂಬುತ್ತಾ ಬಂತು. ತಟ್ಟೆ ಎಲ್ಲಿ ಎಂದು ನೋಲಾ ಕೇಳಿದರೆ, ದೇಶಸೇವೆಗೆ ಹೋಗಿದೆ ಎಂದ.

ಕೊನೆಗೆ ಕ್ಲಚ್ ಪೆಡಲು ಕಿತ್ತ. ಆ ಖಾಲಿ ಜಾಗವನ್ನು ಸುಮ್ಮನೆ ಬಿಡುವ ಜಾಯಮಾನ ಅವನದಲ್ಲ. ಕಣ್ಣುಮುಚ್ಚಿ ಕಾಲಿಟ್ಟರೂ ಸಿಗಬೇಕು ಎಂದು ಬ್ರೇಕ್ ಪೆಡಲಿಗೆ ದಪ್ಪ ತಗಡು ಬೆಸೆದು, ಕ್ಲಚ್ ಇದ್ದ ಜಾಗದವರೆಗೂ ಅಗಲ ಮಾಡಿದ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಶನಿವಾರ ಬಂತು. ಹೋಟೆಲಿನ ಮುಂದೆ ಎಲ್ಲರೂ ಕೂತು ತಿನ್ನಲೆಂದು ನೋಲಾ ಒಂದು ದೊಡ್ಡ ಪಾತ್ರೆ ಚಿಲಿ ಮಾಡಿದ್ದಳು. ಮಾಂಸ, ಟೊಮೇಟೊ, ಖಾರ, ಎಲ್ಲ ಗಟ್ಟಿಯಾಗಿ ಕುದ್ದದ್ದು. ಜೊತೆಗೆ ಎರವಲು ತಟ್ಟೆಯಲ್ಲಿ ಬೇಯಿಸಿದ ದಾಲ್ಚಿನ್ನಿ ಬನ್ನು. ತಟ್ಟೆ ಕೊಟ್ಟ ಪಕ್ಕದ ಮನೆಯ ಹಾಯ್ಟ್ ತನ್ನ ಅಂಗಳದಲ್ಲಿ ಮಡಚು ಕುರ್ಚಿ ಹಾಕಿಕೊಂಡು ತಮಾಷೆಗೆ ಕಾದು ಕೂತಿದ್ದ.

ನೋಲಾ ಸ್ಟಿಯರಿಂಗ್ ಕಡೆ ಹೋದಳು. ಡೆಲ್ಮರ್ ಅಡ್ಡ ಬಂದ. "ಹೊಸ ಗೇರ್‌ಬಾಕ್ಸು ಕಣೇ. ಮೊದಲು ನಾನು ಒಂದು ಸುತ್ತು ಪಳಗಿಸಿ ಕೊಡ್ತೀನಿ."

ನೋಲಾ ಪಕ್ಕದ ಸೀಟಿಗೆ ಹತ್ತಿ, ಚಿಲಿ ಪಾತ್ರೆಯನ್ನೂ ಬನ್ನಿನ ಪೊಟ್ಟಣವನ್ನೂ ತೊಡೆಯ ಮೇಲಿಟ್ಟುಕೊಂಡು ಮತ್ತೆ ಮೂಟೆಯಾದಳು.

ಕಾರು ಬೆಣ್ಣೆಯ ಹಾಗೆ ಹೊರಟಿತು. ಡೆಲ್ಮರನ ಮೀಸೆ ಮೇಲೇರಿತು. ಹಾಯ್ಟನ ಮನೆಯೆದುರು ಇಂಜಿನ್ನಿನ ಸದ್ದು ಏರತೊಡಗಿತು. ಜೀವಮಾನವಿಡೀ ಆ ಸದ್ದು ಏರಿದಾಗಲೆಲ್ಲ ಅವನ ಎಡಗಾಲು ಮಾಡಿದ್ದು ಒಂದೇ ಕೆಲಸ. ಯಜಮಾನನನ್ನು ಕೇಳದೆ ಅದು ಎದ್ದಿತು, ಕ್ಲಚ್ ಇದ್ದ ಜಾಗಕ್ಕೆ ಪೂರ್ತಿ ಬಲದಿಂದ ಇಳಿಯಿತು. ಅಲ್ಲಿದ್ದದ್ದು ಅಗಲ ಬ್ರೇಕು!

ಕಾರು ನಿಂತಿತು. ಚಿಲಿ ನಿಲ್ಲಲಿಲ್ಲ. ಮುಂದಿನ ಗಾಜಿನ ಮೇಲಿಂದ ಹಾರಿ ಬಾನೆಟ್ಟಿನುದ್ದಕ್ಕೂ ಹರಡಿತು. ಉಳಿದದ್ದು ಡೆಲ್ಮರನ ಮೀಸೆಗೆ ಬಂತು. ಹಾಯ್ಟ್ ನಿಧಾನವಾಗಿ ಎದ್ದು ಬಂದ. ರಸ್ತೆಗೆ ಬಿದ್ದಿದ್ದ ಪೊಟ್ಟಣದಿಂದ ಒಂದು ಬನ್ ಎತ್ತಿ, ಬಾನೆಟ್ಟಿನ ಮೇಲೆ ಒರೆಸಿ ಬಾಯಿಗಿಟ್ಟುಕೊಂಡ.

"ಖಾರ ಸರಿಯಾಗಿದೆ ನೋಲಾ. ಬಡಿಸೋ ರೀತಿ ಮಾತ್ರ ಸರಿಯಿಲ್ಲ" ಎಂದ.

ಬ್ರೇಕ್ ಹೊಸದು, ಸ್ವಲ್ಪ ಹಿಡೀತಿದೆ ಎಂದು ಡೆಲ್ಮರ್ ಸಮಜಾಯಿಷಿ ಕೊಟ್ಟು ಮತ್ತೆ ಹೊರಟ. ಸದ್ದು ಏರಿತು, ಕಾಲು ಇಳಿಯಿತು. ಈ ಸಲ ಅವನ ಹಣೆ ಸ್ಟಿಯರಿಂಗಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಅಂಚೆಯ ವ್ಯಾನು ಕಿರುಚಿಕೊಂಡು ಗೇಣು ದೂರದಲ್ಲಿ ನಿಂತಿತು.

ನೋಲಾ ಖಾಲಿ ಪಾತ್ರೆ ಕೆಳಗಿಟ್ಟಳು. "ಇಳಿ" ಎಂದಳು.

ಇಳಿದ. ಅವಳು ಸ್ಟಿಯರಿಂಗ್ ಹಿಡಿದು ಕೂತಳು, ಅವನು ಪಕ್ಕದಲ್ಲಿ. ಕಾರು ಹೊರಟಿತು, ಸದ್ದು ಏರಿತು, ಗೇರು ತಾನಾಗಿಯೇ ಬದಲಾಯಿತು. ಅವಳ ಎಡಗಾಲು ಆರಾಮವಾಗಿ ಬಿದ್ದುಕೊಂಡಿತ್ತು. ಗಾಳಿಗೆ ನರೆಗೂದಲು ಹಾರಿತು. ನೋಲಾಳ ಕಣ್ಣು ತುಂಬಿಬಂತು, ನಗುವೂ ಬಂತು. ಅದನ್ನು ನೋಡಿ ಡೆಲ್ಮರನಿಗೆ ತನ್ನ ಹಣೆಯ ಬುಗುಟು ಮರೆತೇಹೋಯಿತು. ಇಷ್ಟಕ್ಕೇ ಅಲ್ಲವೇ ತಾನು ಇಷ್ಟೆಲ್ಲ ಮಾಡಿದ್ದು ಎಂದು ಎದೆ ಉಬ್ಬಿತು.

ಅಷ್ಟರಲ್ಲಿ ಢಣ್ ಎಂದಿತು.

ಮುಂದಿನ ತಿರುವಿನಲ್ಲಿ ಮತ್ತೆ ಢಣ್. ಗೇರ್‌ಬಾಕ್ಸಿನಲ್ಲಿ ಏನೋ ಮುರಿಯಿತೆಂದು ಡೆಲ್ಮರನ ಮುಖ ಬಿಳಿಚಿತು. ನೋಲಾ ಗಾಡಿ ನಿಲ್ಲಿಸಿ ಬಗ್ಗಿ ನೋಡಿದಳು. ಮುರಿದದ್ದು ಏನೂ ಇರಲಿಲ್ಲ. ಪಕ್ಕದ ಸೀಟಿಗೆ ಬಂದರೂ ಡೆಲ್ಮರನ ಎಡಗಾಲು ಕೆಲಸ ಬಿಟ್ಟಿರಲಿಲ್ಲ. ಸದ್ದು ಏರಿದಾಗಲೆಲ್ಲ ಕಾಲಡಿಯ ತೂತಿಗೆ ಮುಚ್ಚಿದ್ದ ಅವಳ ಬನ್ ತಟ್ಟೆಯನ್ನು ತುಳಿಯುತ್ತಿತ್ತು. ತಟ್ಟೆ ನಡುವೆ ಕುಳಿ ಬಿದ್ದಿತ್ತು.

ನೋಲಾ ಅವನ ಮುಖ ನೋಡಿದಳು, ತಟ್ಟೆ ನೋಡಿದಳು. ಆಮೇಲೆ ಬಗ್ಗಿ ತನ್ನ ಮಂಡಿಕಟ್ಟನ್ನು ಬಿಚ್ಚತೊಡಗಿದಳು.

ಹೋಟೆಲಿನ ಮುಂದೆ ಸೇರಿದ್ದ ಮಂದಿ ನೋಲಾ ಸ್ಟಿಯರಿಂಗ್ ಹಿಡಿದು ಬಂದದ್ದು ಕಂಡು ಹಾರ್ನ್ ಹೊಡೆದು ಸ್ವಾಗತಿಸಿದರು. ಅವಳು ಸಲೀಸಾಗಿ ಇಳಿದಳು. ಆ ಕಡೆಯಿಂದ ಮಹಾರಾಜರು ಎಡಗಾಲು ಮಡಚಲಾಗದೆ, ಬಾಗಿಲು ಹಿಡಿದು, ಕುಂಟುತ್ತಾ ಇಳಿದರು. ಮೀಸೆಯಲ್ಲಿ ಚಿಲಿ ಇನ್ನೂ ಇತ್ತು.

ತನ್ನ ಕಾರಿನಲ್ಲಿ ಹಿಂದೆಯೇ ಬಂದಿದ್ದ ಹಾಯ್ಟ್ ಡೆಲ್ಮರನ ಕಾಲಿಗೆ ಬಿಗಿದಿದ್ದ ಮಂಡಿಕಟ್ಟನ್ನೇ ನೋಡುತ್ತಾ ಕೇಳಿದ: "ಅಲ್ಲಪ್ಪಾ, ಆಪರೇಷನ್ ಆಗಿದ್ದು ನೋಲಾಗಲ್ವಾ?"

"ನನ್ನ ಕಾಲು ವಾಸಿಯಾಯ್ತು" ಎಂದಳು ನೋಲಾ, ಕಾರಿನ ಕೀಯನ್ನು ಸ್ವಂತ ಜೇಬಿಗಿಳಿಸುತ್ತಾ. "ಇವನ ಕಾಲಿಗೆ ಡಾಕ್ಟ್ರು ಯಾರೂ ಇಲ್ಲ. ಹೀಗೇ ಕಟ್ಟಿ ಹಾಕ್ಕೋಬೇಕು."