ಹಳದಿ ಪಟ್ಟಿಯೋ, ಕೆಂಪು ಪಟ್ಟಿಯೋ?

ನಮ್ಮ ಭಾವನ ಭಕ್ತಿಗೆ ಮೆಚ್ಚಿ ಒಂದು ದಿನ ದೇವರೇ ಪ್ರತ್ಯಕ್ಷನಾದನೆಂದು ಇಟ್ಟುಕೊಳ್ಳಿ. "ಏನು ವರ ಬೇಕು, ಕೇಳು" ಎಂದು ಆತ ಕೈಯೆತ್ತಿದರೆ ನಮ್ಮ ಭಾವ ಏನನ್ನುತ್ತಾರೆ ಗೊತ್ತೆ? "ಒಂಚೂರು ಕೂತಿರಿ ಸ್ವಾಮಿ. ಇನ್ನೊಬ್ರು ದೇವ್ರು ಏನ್ ಕೊಡ್ತಾರೆ ಅಂತ ಕೇಳ್ಕಂಡು ಬಂದ್ಬಿಡ್ತೀನಿ" ಎನ್ನುತ್ತಾರೆ! ಅವರು ತಿರುಗಿ ಬರುವಷ್ಟರಲ್ಲಿ ದೇವರು ಕಾದು ಕಾದು ಸಾಕಾಗಿ ಮಾಯವಾಗಿರುತ್ತಾನೆ ಎನ್ನುವುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಸಂಶಯವಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಶನಿವಾರಸಂತೆಯಿಂದ ಸ್ವಲ್ಪ ಒಳಗೆ ಅವರ ಮನೆ. ಒಂದಿಷ್ಟು ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಮನೆ ಖರ್ಚಿಗಾಗುವಷ್ಟು ಗದ್ದೆ. ನಾನು ಕುಶಾಲನಗರದಲ್ಲಿ ಮೇಷ್ಟ್ರು. ನನ್ನ ಸ್ವಭಾವ ಅವರದಕ್ಕೆ ತದ್ವಿರುದ್ಧ. ಅಂಗಡಿಗೆ ಹೋದರೆ ಕಣ್ಣಿಗೆ ಮೊದಲು ಬಿದ್ದದ್ದನ್ನು ಕೊಂಡು, ಮನೆಗೆ ಬಂದು ಹೆಂಡತಿಯಿಂದ ಬೈಸಿಕೊಳ್ಳುವವನು ನಾನು. ಭಾವ ಕೊಳ್ಳುವುದೇ ಇಲ್ಲ, ಆದ್ದರಿಂದ ಬೈಸಿಕೊಳ್ಳುತ್ತಾರೆ. ಒಟ್ಟಿನಲ್ಲಿ ಬೈಗುಳ ಇಬ್ಬರಿಗೂ ತಪ್ಪಿದ್ದಲ್ಲ.

ಶನಿವಾರದ ಸಂತೆಯನ್ನೇ ತೆಗೆದುಕೊಳ್ಳಿ. ಟೊಮೆಟೊ ಬೇಕಾದರೆ ಭಾವ ಸಂತೆಯ ಈ ತುದಿಯಿಂದ ಆ ತುದಿಯವರೆಗೆ ಪ್ರತಿಯೊಂದು ರಾಶಿಯ ಮುಂದೆಯೂ ನಿಂತು, ಒಂದು ಹಣ್ಣನ್ನು ಕೈಯಲ್ಲಿ ಹಿಡಿದು ಕುಶಲ ವಿಚಾರಿಸಿ, ಮುಂದಕ್ಕೆ ಹೋಗುತ್ತಾರೆ. ಕೊನೆಗೆ, ಮೊದಲು ನೋಡಿದ್ದೇ ಚೆನ್ನಾಗಿತ್ತು ಎಂದು ತೀರ್ಮಾನಿಸಿ ವಾಪಸ್ ಬರುವಾಗ ಅದನ್ನು ಮಾರುತ್ತಿದ್ದ ಹೆಂಗಸು ರಾಶಿ ಖಾಲಿ ಮಾಡಿ ಬಸ್ಸು ಹತ್ತಿರುತ್ತಾಳೆ. ಹೀಗಾಗಿ ಅಕ್ಕನ ಮನೆಯಲ್ಲಿ ಭಾನುವಾರದ ಸಾರು ಯಾವಾಗಲೂ ಹುಣಸೆಹಣ್ಣಿನದ್ದೇ. ಒಮ್ಮೆ ಹಲ್ಲುನೋವು ಬಂದಾಗ ಸೋಮವಾರಪೇಟೆಯ ಡಾಕ್ಟರೋ ಮಡಿಕೇರಿಯ ಡಾಕ್ಟರೋ ಎಂದು ತೂಗಿ ನೋಡುತ್ತಾ ಕೂತರು. ಅವರು ತೂಗುತ್ತಿದ್ದಂತೆ ಹಲ್ಲೇ ಬೇಸತ್ತು ಒಂದು ಬೆಳಿಗ್ಗೆ ರೊಟ್ಟಿಯ ಜತೆ ಬಂದುಬಿಟ್ಟಿತು. "ನೋಡಿದ್ಯಾ? ಅವಸರ ಮಾಡಿದ್ರೆ ಸುಮ್ನೆ ಖರ್ಚಾಗ್ತಿತ್ತು" ಎಂದರು, ಹಲ್ಲು ಹೋದ ಸಂದಿಯಿಂದ ಗಾಳಿ ಬಿಡುತ್ತಾ!

ಇಂಥವರು ಹೆಣ್ಣು ನೋಡಲು ಬಂದರೆ ಏನಾಗಬೇಕು? ಅದೇ ಆಯಿತು. ನಮ್ಮ ಅಕ್ಕನನ್ನು ನೋಡಿದ ದಿನವೇ ಇನ್ನೊಂದು ಊರಲ್ಲಿ ಇನ್ನೊಂದು ಹೆಣ್ಣನ್ನೂ ನೋಡಿದ್ದರಂತೆ. ಕೇಸರಿಬಾತ್ ತಿಂದು, ಕಾಫಿ ಕುಡಿದು, "ಯೋಚ್ನೆ ಮಾಡಿ ಹೇಳ್ತೀನಿ" ಎಂದು ಹೋದವರು ಕಾಫಿ ಹೂವಾಗಿ, ಕಾಯಿ ಕಟ್ಟಿ, ಹಣ್ಣಾಗುವವರೆಗೂ ಪತ್ತೆ ಇಲ್ಲ. ನಮ್ಮ ಅಪ್ಪ ಸಿಟ್ಟಿಗೆದ್ದು ಬೇರೆ ಗಂಡು ನೋಡತೊಡಗಿದ್ದರು. ಆಗ ಇವರೇ ಒಂದು ದಿನ ಬೆವರೊರೆಸಿಕೊಳ್ಳುತ್ತಾ ಬಂದು, "ಈ ಮನೆ ಹುಡುಗೀನೇ ಆಗ್ಬೋದು" ಎಂದರು. ಇಷ್ಟು ದಿನ ಏನನ್ನು ಯೋಚಿಸುತ್ತಿದ್ದರು ಎನ್ನುವುದು ಮದುವೆಯಾದ ಮೇಲೆ ಅಕ್ಕನ ಬಾಯಿಂದ ಗೊತ್ತಾಯಿತು. ನೋಡಲು ಬಂದ ದಿನ ಒಳಗಡೆ ಯಾರೋ ಜೋರಾಗಿ ನಕ್ಕದ್ದು ಕೇಳಿ ಅಲ್ಲೇ ಮನಸ್ಸು ಮಾಡಿದ್ದರಂತೆ. "ಆದ್ರೆ ನಕ್ಕಿದ್ದು ನೀನೋ ನಿಮ್ ಚಿಕ್ಕಮ್ಮನೋ ಅಂತ ಗ್ಯಾರಂಟಿ ಇರ್ಲಿಲ್ಲ. ಅದನ್ನ ವಿಚಾರಿಸೋಕೆ ಇಷ್ಟು ದಿನ ಹಿಡೀತು!"

ಆ ನಗು ಅಕ್ಕನದೇ. ಈಗಲೂ ಹಾಗೆಯೇ ನಗುತ್ತಾಳೆ. ಮೊದಲು ಒಂದು ಬಿಕ್ಕು, ಆಮೇಲೆ ತಡೆಯಲಾರದೆ ಒಡೆದು ಬರುವ ದೊಡ್ಡ ನಗು. ಸಕ್ಕರೆ ಕಾಯಿಲೆ ಅವಳ ಕಣ್ಣಿಗಿಳಿದು ಕೆಲವು ವರ್ಷಗಳಾದವು. ಬೆಳಕು ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಆದರೂ ಅಡುಗೆ ಅವಳದೇ, ದರಬಾರೂ ಅವಳದೇ. ಜಗಲಿ ಹತ್ತುವ ಹೆಜ್ಜೆ ಕೇಳಿ, "ಏನೋ ಮೇಷ್ಟ್ರೇ, ಬರಿಗೈಲಿ ಬಂದ್ಯಾ?" ಎನ್ನುತ್ತಾಳೆ. ಬರಿಗೈ ಎಂದು ಹೆಜ್ಜೆ ಸದ್ದಿನಲ್ಲಿ ಹೇಗೆ ಗೊತ್ತಾಗುತ್ತದೋ ದೇವರೇ ಬಲ್ಲ.

ಆಷಾಢಕ್ಕೆ ಮುಂಚೆ ಅವರ ಒಬ್ಬಳೇ ಮಗಳ ನಿಶ್ಚಿತಾರ್ಥವಾಯಿತು. ಕಾಫಿ ಹಣ್ಣು ಕುಯ್ಯುವ ಪಿಕಿಂಗ್ ಮುಗಿದ ಮೇಲೆ ಮದುವೆ. ಎಲ್ಲ ಸುಸೂತ್ರ ಎನ್ನುವಾಗ ಅಕ್ಕ ಒಂದು ಬಾಂಬು ಹಾಕಿದಳು. "ಮದ್ವೆಲಿ ನನ್ನ ಫೋಟೊಕ್ಕೆ ಕರೀಬೇಡಿ. ನಾನ್ ನಿಲ್ಲಲ್ಲ." ಮಗಳು ಅತ್ತಳು. "ಅಮ್ಮನೇ ಇಲ್ದಿರೋ ಮದ್ವೆ ಫೋಟೊ ಇಟ್ಕಂಡು ನಾನೇನ್ ಮಾಡ್ಲಿ?" ಅಕ್ಕ ಜಗ್ಗಲಿಲ್ಲ. "ನಂಗೇ ಕಾಣ್ದಿರೋ ಫೋಟೊ ನಂಗ್ಯಾಕೆ?" ಎಂದು ಪಾತ್ರೆ ತೊಳೆಯಲು ಹೋದಳು. ಯಾವತ್ತೂ ಎರಡು ಕಡೆಯ ಮಾತನ್ನೂ ಆಡುವ ಭಾವ ಆ ದಿನ ಒಂದು ಕಡೆಯದನ್ನೂ ಆಡಲಿಲ್ಲ. ಸುಮ್ಮನೆ ಎದ್ದು ತೋಟಕ್ಕೆ ಹೋದರು.

ಮುಂದಿನ ವಾರ ನನಗೆ ಫೋನು. "ನಾನೊಂದು ಕ್ಯಾಮರಾ ತಗೋಬೇಕು ಅಂತಿದೀನಿ."

"ಮದುವೆಗೆ ಫೋಟೊಗ್ರಾಫರ್ ಬರ್ತಾನಲ್ಲ ಭಾವ?"

"ಅವನ ಫೋಟೊ ಅವನು ತೆಗೀಲಿ. ನಂದು ನಾನು ತೆಗೀತೀನಿ."

"ನಿಮ್ಮ ಫೋನಲ್ಲೇ ಕ್ಯಾಮರಾ ಇದೆಯಲ್ಲ?"

"ಅದಲ್ಲ. ಡಿಎಸ್ಸೆಲ್ಲಾರ್!" ಆ ಅಕ್ಷರಗಳನ್ನು ಅವರು ಉಚ್ಚರಿಸಿದ ಗತ್ತು ಕೇಳಿಯೇ ನನಗೆ ಗೊತ್ತಾಯಿತು, ಇದು ಹಲ್ಲುನೋವಿಗಿಂತ ದೊಡ್ಡದಾಗಲಿದೆ ಎಂದು.

ಹಾಗೇ ಆಯಿತು. ಹೊಸಬರಿಗೆಂದೇ ಮಾಡಿದ ಎರಡು ಕ್ಯಾಮರಾಗಳು ಅವರ ತಕ್ಕಡಿಯಲ್ಲಿ ಕೂತವು. ಒಂದರ ಕುತ್ತಿಗೆಪಟ್ಟಿ ಹಳದಿ, ಇನ್ನೊಂದರದು ಕೆಂಪು. ಅವುಗಳ ಕಂಪನಿಯ ಹೆಸರು ಭಾವನ ಬಾಯಲ್ಲಿ ಬಂದದ್ದೇ ಇಲ್ಲ. ಮನೆಯಲ್ಲಿ ಕಟ್ಟಿದ ಎರಡು ಹಸುಗಳಂತೆ ಹಳದಿ, ಕೆಂಪು, ಅಷ್ಟೇ. ಅವರ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಮಳೆಗಾಲವಿಡೀ ಭಾವ ಆ ಮೂಲೆಯಲ್ಲಿ ಕೊಡೆ ಹಿಡಿದು ನಿಂತು, ಎರಡು ಕ್ಯಾಮರಾಗಳನ್ನು ಹೋಲಿಸುವ ವಿಡಿಯೋಗಳನ್ನು ನೋಡಿದರು. ಹಿಂದಿ ಅರ್ಥವಾಗುವುದಿಲ್ಲ, ಇಂಗ್ಲಿಷ್ ಅರ್ಧ. ಆದರೂ ನೋಡಿದರು. ನಾನು "ಹಳದಿ ಚೆನ್ನಾಗಿದೆಯಂತೆ" ಎಂದರೆ, "ಕೆಂಪಿಂದು ಲೆನ್ಸ್ ಬೇಗ ಫೋಕಸ್ ಆಗುತ್ತಪ್ಪಾ" ಎನ್ನುವರು. "ಸರಿ, ಕೆಂಪೇ ತಗೊಳ್ಳಿ" ಎಂದರೆ, "ಹಳದೀಲಿ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತಲ್ಲ!" ನಾನು ಬಾಯಿ ಮುಚ್ಚಿದರೆ, "ನಿಂಗೆ ಯಾವ್ದರಲ್ಲೂ ಆಸಕ್ತಿ ಇಲ್ಲ ಬಿಡು" ಎಂದು ಬೇಸರ.

ತೂಕದ ವಿಷಯ ಬಂದಾಗ ಪ್ರಕರಣ ವಿಪರೀತಕ್ಕೆ ಹೋಯಿತು. ಎರಡು ಬಟ್ಟೆಯ ಚೀಲ ಹೊಲಿಸಿ, ಹಳದಿಯಷ್ಟು ತೂಕದ ಕಾಳುಮೆಣಸನ್ನು ಒಂದರಲ್ಲಿ, ಕೆಂಪಿನಷ್ಟನ್ನು ಇನ್ನೊಂದರಲ್ಲಿ ತುಂಬಿಸಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಕುತ್ತಿಗೆಗೆ ಹಾಕಿಕೊಂಡು ತೋಟ ಸುತ್ತುವುದು! ನಡುನಡುವೆ ಚೀಲವನ್ನೆತ್ತಿ ಕಣ್ಣಿಗೆ ಹಿಡಿದು, ಎಡಗಣ್ಣು ಮುಚ್ಚಿ ಗುರಿ ನೋಡುವುದು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬೇಲಿಯಾಚೆಯಿಂದ ಗಾಬರಿಯಾಗಿ, "ಎಂತ ಸಾರ್, ಹಂದಿ ಬಂತಾ?" ಎಂದು ಕೂಗಿದನಂತೆ. ಎರಡು ಚೀಲಕ್ಕೂ ಇದ್ದ ವ್ಯತ್ಯಾಸ ಒಂದು ಹಿಡಿ ಮೆಣಸು. ಕೊನೆಗೆ ಅಕ್ಕ, "ಹಳ್ದಿನೋ ಕೆಂಪೋ, ಯಾವ್ದಾರ ಒಂದನ್ನ ಇಲ್ಲಿ ಕೊಡಿ. ಸಾರಿಗೆ ಮೆಣಸಿಲ್ಲ" ಎಂದು ಒಂದನ್ನು ಕಸಿದುಕೊಂಡಳು.

ನಕ್ಕೆವು, ನಿಜ. ಆದರೆ ಒಂದು ಮಾತನ್ನು ನಾನು ಆಗಾಗ ಯೋಚಿಸಿದ್ದೇನೆ. ನನ್ನಂಥವರು ಥಟ್ಟನೆ ಆರಿಸಿಕೊಳ್ಳುವುದು ಧೈರ್ಯದಿಂದಲ್ಲ. ತಪ್ಪಿದರೆ ಮರೆತುಬಿಡಬಹುದು ಎಂಬ ಉಡಾಫೆಯಿಂದ. ಭಾವನಿಗೆ ಮರೆಯುವುದು ಬರುವುದಿಲ್ಲ. ಸಂತೆಯ ಟೊಮೆಟೊ ಕೂಡ ಅವರ ಕೈಗೆ ಬಂದ ಮೇಲೆ ಅವರದು. ಕೊಳೆತರೆ ಅದಕ್ಕೂ ಅವರು ಜವಾಬ್ದಾರರು. ಹಾಗೆ ಬದುಕುವವರಿಗೆ ಆರಿಸುವುದು ಭಾರವೇ.

ಕಾಫಿ ಕೆಂಪಾಯಿತು. ಪಿಕಿಂಗ್ ಶುರುವಾಯಿತು. ಮದುವೆ ಹತ್ತಿರ ಬಂತು. ಅಕ್ಕನ ಹಟವೂ ಇಳಿಯಲಿಲ್ಲ, ಭಾವನ ತಕ್ಕಡಿಯೂ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ನಾನೇ ಕಾರು ತಂದು, ಭಾವನನ್ನು ಹೆಚ್ಚುಕಡಿಮೆ ಎತ್ತಿ ಹಾಕಿಕೊಂಡು ಮಡಿಕೇರಿಗೆ ಹೋದೆ.

ಅಂಗಡಿಯವನು ಮಲಯಾಳ ಬೆರೆತ ಕನ್ನಡದ ಹಸನ್ಮುಖಿ. ಮೇಲಿನ ಕಪಾಟಿನಿಂದ ಎರಡನ್ನೂ ಇಳಿಸಿ, ಧೂಳು ಊದಿ, "ಇದನ್ನು ಈಗ ಯಾರೂ ಕೇಳುದಿಲ್ಲ ಸಾರೇ. ಹೊಸತು ಬಂದಿದೆ, ಮಿರರ್‌ಲೆಸ್. ಒಳಗೆ ಕನ್ನಡಿಯೇ ಇಲ್ಲ, ಸದ್ದೂ ಇಲ್ಲ. ಫೋಟೊ ತೆಗ್ದದ್ದು ಇರುವೆಗೂ ಗೊತ್ತಾಗುದಿಲ್ಲ!" ಎಂದ.

"ಇರುವೆ ಸುದ್ದಿ ಬೇಡ. ಕನ್ನಡಿ ಇರೋದೇ ಕೊಡಪ್ಪ" ಎಂದರು ಭಾವ.

ಇನ್ನು ಲೆನ್ಸು, ಬ್ಯಾಟರಿ, ಮೆಗಾಪಿಕ್ಸೆಲ್ ಎಂದು ಸಂಜೆಯವರೆಗೆ ಪುರಾಣವಾಗುತ್ತದೆಂದು ನಾನು ಸ್ಟೂಲು ಹುಡುಕಿಕೊಂಡೆ. ಭಾವ ಯಾವುದನ್ನೂ ಕೇಳಲಿಲ್ಲ. ಹಳದಿಯನ್ನು ಅಂಗಡಿಯವನ ಕೈಗೇ ಕೊಟ್ಟು, "ನೀನೇ ಒತ್ತು" ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡರು! ಟಿಕ್. ಕೆಂಪು. ಟಕ್. ಮತ್ತೆ ಹಳದಿ. ಮತ್ತೆ ಕೆಂಪು. "ಆ ಫ್ಯಾನ್ ಆಫ್ ಮಾಡು." ಫ್ಯಾನ್ ನಿಂತಿತು. "ಈಗ ಹಾಕು." ಫ್ಯಾನ್ ತಿರುಗಿತು. "ಎಂತ, ಸಾರಿಗೆ ನಿದ್ದೆ ಬಂತಾ?" ಎಂದು ಅಂಗಡಿಯವನು ನನ್ನ ಕಿವಿಯಲ್ಲಿ ಕೇಳಿದ. ಅಷ್ಟರಲ್ಲಿ ಭಾವ ಹೊರಗೆ ಹೋಗಿ, ಬಸ್ಸುಗಳು ಹಾರ್ನ್ ಹೊಡೆಯುವ ರಸ್ತೆಯ ಅಂಚಿನಲ್ಲಿ ನಮಗೆ ಬೆನ್ನು ತಿರುಗಿಸಿ ನಿಂತು, "ಈಗ ಒತ್ತು!" ಎಂದು ಕೂಗಿದರು. ಟಿಕ್. ಟಕ್. ದಾರಿಹೋಕರು ನಿಂತು ನೋಡಿದರು. ಭಾವ ಒಳಗೆ ಬಂದು, "ಕೆಂಪು ಕೊಡು" ಎಂದರು. ಅಷ್ಟೇ! ಒಂದು ಮಳೆಗಾಲದ ವ್ಯಾಜ್ಯ ಒಂದು ಕಾಫಿ ಕುಡಿಯುವ ಹೊತ್ತಿನಲ್ಲಿ ಮುಗಿಯಿತು.

ವಾಪಸ್ ಬರುವಾಗ ನನಗೆ ತಡೆಯಲಾಗಲಿಲ್ಲ. "ಅಲ್ಲ ಭಾವ, ಕ್ಯಾಮರಾ ಅಂದ್ರೆ ಕಣ್ಣಿನ ವ್ಯವಹಾರ. ಅದನ್ನ ಕಿವಿಯಿಂದ ಕೊಳ್ಳೋರನ್ನ ನಾನು ಇವತ್ತೇ ನೋಡಿದ್ದು."

ಅವರು ಮಡಿಲಲ್ಲಿದ್ದ ಡಬ್ಬದ ಮೇಲೆ ಕೈಯಾಡಿಸಿದರು. ಆಮೇಲೆ ಹೇಳಿದರು.

"ನಿಶ್ಚಿತಾರ್ಥದ ದಿನ ನೀವೆಲ್ಲ ಫೋಟೊ ತೆಗುದ್ರಲ್ಲ, ಫೋನಲ್ಲಿ. 'ನಗಿ ಅತ್ತೆ, ನಗಿ ಅಕ್ಕ' ಅಂತ. ಅವ್ಳು ನಕ್ಕಳು. ನೀವು ತೆಗುದ್ರಿ, ಊಟಕ್ಕೆ ಹೋದ್ರಿ. ತೆಗ್ದದ್ದು ಅವ್ಳಿಗೆ ಹೆಂಗೆ ಗೊತ್ತಾಗ್ಬೇಕು? ನಾನು ಬಂದು ನೋಡ್ತೀನಿ, ಎದ್ರಿಗೆ ಯಾರೂ ಇಲ್ಲ. ಒಬ್ಳೇ ನಿಂತ್ಕಂಡು ಖಾಲಿ ಅಂಗಳಕ್ಕೆ ನಗ್ತಾ ಅವ್ಳೆ ಕಣೋ. ನನ್ ಹೆಜ್ಜೆ ಕೇಳಿ, 'ಆಯ್ತೇನ್ರೀ?' ಅಂದ್ಳು. 'ಆಗ್ಲೇ ಆಯ್ತು' ಅಂದೆ. ಅವ್ಳ ಮುಖ ಹೆಂಗಾಯ್ತು ಅಂತ ನಾನ್ ನೋಡಿದೀನಿ."

"ಫೋನಲ್ಲೂ ಸದ್ದು ಬರೋ ಹಾಗೆ ಮಾಡಬಹುದು ಭಾವ" ಎಂದೆ.

"ಆ ಕೀಚಲು ಸದ್ದು ಯಾರ್ ಫೋನಿಂದು ಅಂತ ಹೆಂಗ್ ಗೊತ್ತಾಗುತ್ತೆ? ಇದಾದ್ರೆ ಕನ್ನಡಿ ಎದ್ದು ಬೀಳೋ ಸದ್ದು. ಓಲಗದ ಗಲಾಟೇಲೂ ಕೇಳ್ಬೇಕು ಅವ್ಳಿಗೆ. ಹಳದೀದು ಚೆನ್ನಾಗೇ ಇತ್ತು, ಆದ್ರೆ ಮೆತ್ತಗೆ."

ರಸ್ತೆ ಮಸುಕಾದಂತಾಗಿ, ಮಂಜು ಇಲ್ಲದಿದ್ದರೂ ಕಾರು ನಿಧಾನ ಮಾಡಿದೆ.

ಮನೆ ತಲುಪಿದಾಗ ಅಕ್ಕ ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಭಾವ ಚಪ್ಪಲಿ ಕೂಡ ಬಿಡದೆ ಡಬ್ಬ ಒಡೆದು, ಬ್ಯಾಟರಿ ತುರುಕಿ, ಅಂಗಳದಲ್ಲಿ ನಿಂತರು. "ಒಂಚೂರು ಈ ಕಡೆ ತಿರುಗು."

"ನಾನ್ ಹೇಳಿಲ್ವಾ, ಫೋಟೊ ಗೀಟೊ..."

ಟಕ್.

ಅಕ್ಕನ ಕೈ ಅವರೆಕಾಯಿಯ ಮೇಲೆ ನಿಂತಿತು. "ಅದೇನ್ರೀ?"

"ನಿನ್ ಫೋಟೊ ಆಯ್ತು ಅಂತ ಅದು ಹೇಳಿದ್ದು."

ಅವಳು ತುಸು ಯೋಚಿಸಿದಳು. ಕೂದಲು ಸರಿಮಾಡಿಕೊಂಡಳು. ಸೆರಗು ಎಳೆದುಕೊಂಡಳು. "ಇನ್ನೊಂದ್ಸಲ ಒತ್ತಿ, ನೋಡಣ" ಎಂದಳು. ಟಕ್. ಸದ್ದಾದ ಕ್ಷಣವೇ ಅವಳು ಬಿಗಿಹಿಡಿದಿದ್ದ ಮುಖವನ್ನು ಸಡಿಲಿಸಿದಳು. ಶಾಲೆ ಬಿಟ್ಟ ಹುಡುಗಿಯ ಹಾಗೆ ಹಾಯಾಗಿ ಉಸಿರುಬಿಟ್ಟಳು. ಟಕ್. ಟಕ್. ನಾನು ಫೋಟೊ ಹೇಗೆ ಬಂದಿದೆಯೆಂದು ನೋಡಲು ಭಾವನ ಹೆಗಲ ಮೇಲಿಂದ ಇಣುಕಿದೆ. ಪರದೆಯ ಮೇಲೆ ಒಂದು ಎಚ್ಚರಿಕೆ ಮಿನುಗುತ್ತಿತ್ತು.

"ಭಾವ! ಇದರಲ್ಲಿ ಮೆಮೊರಿ ಕಾರ್ಡೇ ಇಲ್ಲ! ಒಂದು ಫೋಟೊನೂ ಬಂದಿಲ್ಲ!"

ಬ್ಯಾಟರಿ, ಲೆನ್ಸು, ತೂಕ, ಸದ್ದು ಎಲ್ಲವನ್ನೂ ತೂಗಿದ ಮಹಾನುಭಾವರು ಕಾರ್ಡು ಕೊಳ್ಳುವುದನ್ನು ಮರೆತಿದ್ದರು. ಭಾವ ಪರದೆಯನ್ನೇ ನೋಡುತ್ತಾ ಕಲ್ಲಾಗಿ ನಿಂತರು. ಜಗಲಿಯಿಂದ ಮೊದಲು ಒಂದು ಬಿಕ್ಕು ಕೇಳಿತು. ಆಮೇಲೆ ಬಂತು ನೋಡಿ ಆ ನಗು! ಗೋಡೆಯಾಚೆಯಿಂದ ಕೇಳಿ ಒಬ್ಬ ಮನುಷ್ಯ ತನ್ನ ಬದುಕನ್ನೇ ತೀರ್ಮಾನಿಸಿಕೊಂಡಿದ್ದ ನಗು. ಮಡಿಲಿನ ಅವರೆಕಾಳೆಲ್ಲ ಜಗಲಿಯ ತುಂಬ ಉರುಳಿದವು. ಭಾವ ಕ್ಯಾಮರಾವನ್ನು ಮೆಲ್ಲನೆ ಕಣ್ಣಿಗೇರಿಸಿದರು.

ಟಕ್.

"ಅಯ್ಯೋ, ಕಾರ್ಡೇ ಇಲ್ವಲ್ರೀ, ಯಾಕ್ ಒತ್ತೀರಾ?"

"ನಿಂಗೆ ಕೇಳಿಸ್ತಲ್ಲ, ಸಾಕು."

ಅಕ್ಕ ನಗು ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಕ್ಕು ಬಂದ ನೀರೋ ಬೇರೆಯದೋ ನಾನು ಕೇಳಲಿಲ್ಲ. ಆಮೇಲೆ ಭಾವ ನಿಂತ ಕಡೆಗೆ ಸರಿಯಾಗಿ ಮುಖ ತಿರುಗಿಸಿ ಹೇಳಿದಳು:

"ಮದ್ವೆ ದಿನ ಮಾತ್ರ ಕಾರ್ಡ್ ಮರ್ತೀರಾ, ಜೋಕೆ!"